ಎಡಕ್ಕೆ ತಿರುಗಿದ ಮುಖ

ನಮ್ಮ ಕಡೆ ಬಡಿಸುವುದಕ್ಕೆ ಒಂದು ಪದ್ಧತಿ ಇದೆ. ಉಣ್ಣುವವರು ‘ಸಾಕು’ ಎಂದರೆ ಸಾಕು ಎಂದು ಅರ್ಥವಲ್ಲ, ಅದು ಮರ್ಯಾದೆಗೆ ಆಡುವ ಮಾತು. ಬೀಗರು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಒಲ್ಲೆ, ಒಲ್ಲೆ’ ಅನ್ನಬೇಕು, ಬಡಿಸುವವಳು ಆ ಕೈಗಳ ಮೇಲೆಯೇ ಹೋಳಿಗೆ ಹಾಕಿ ಮುಂದೆ ಹೋಗಬೇಕು. ಮೊದಲ ‘ಸಾಕು’ ಕೇಳಿ ಬುಟ್ಟಿ ಹಿಂದಕ್ಕೆ ತೆಗೆದುಕೊಂಡವಳಿಗೆ ಕೈಬಿಗಿಯವಳು ಎಂದು ಹೆಸರು ಬೀಳುತ್ತದೆ. ವಿಜಯಪುರ ಜಿಲ್ಲೆಯ ನಮ್ಮ ಮನೆಯಲ್ಲಿ ನಾನು ಹನ್ನೆರಡು ವರ್ಷದವಳಿದ್ದಾಗಲೇ ಪಂಕ್ತಿಗೆ ಬಡಿಸಲು ನಿಂತವಳು. ಲಗ್ನವಾಗಿ ಪುಣೆಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮರಾಠಿ ಆಡಿ ಆಡಿ ನಾಲಿಗೆ ಬದಲಾಗಿದೆ, ಕೈ ಬದಲಾಗಿರಲಿಲ್ಲ.

ಹಾಸಿಗೆ ಹಿಡಿದ ಅತ್ತೆಯನ್ನು ನಾಲ್ಕು ವರ್ಷ ನೋಡಿಕೊಂಡೆ. ಆಕೆ ತೀರಿಕೊಂಡ ಮೇಲೆ ಹೊತ್ತೇ ಹೋಗುತ್ತಿರಲಿಲ್ಲ. ಧನಕವಡಿಯಲ್ಲಿ ನಮ್ಮ ಓಣಿಯಿಂದ ಹತ್ತು ನಿಮಿಷ ನಡೆದರೆ ಒಂದು ಆಶ್ರಮ, ಕೈಕಾಲು ಬಾರದವರನ್ನು, ಮಾತು ಬಾರದವರನ್ನು ಇಟ್ಟುಕೊಂಡು ನೋಡುವ ಮನೆ. ಅಲ್ಲಿ ಹೆಂಗಸರು ಬೇಕಾಗಿದ್ದಾರೆ ಎಂದು ಪಕ್ಕದ ಮನೆಯಾಕೆ ಹೇಳಿದಳು. ನಾಲ್ಕು ವರ್ಷ ಅತ್ತೆಯ ಸೇವೆ ಮಾಡಿದವಳಿಗೆ ಇದೇನು ಮಹಾ ಎಂದು ಹೋದೆ. ಆ ಸೊಕ್ಕು ನನ್ನ ಜೊತೆಗೇ ಬಾಗಿಲು ದಾಟಿ ಒಳಗೆ ಬಂತು.

ನನ್ನ ಪಾಲಿಗೆ ಬಂದವಳು ಇಪ್ಪತ್ನಾಲ್ಕು ವರ್ಷದ ಹುಡುಗಿ. ಹುಟ್ಟುವಾಗಲೇ ಆದ ತೊಂದರೆ. ಕೈಕಾಲು ಕಟ್ಟಿಗೆಯ ಹಾಗೆ ಬಿಗಿ, ಮಾತಿಲ್ಲ, ತಲೆ ನಿಲ್ಲಬೇಕಾದರೆ ಎರಡೂ ಕಡೆ ದಿಂಬು ಬೇಕು. ಆದರೆ ಬುದ್ಧಿ ನನ್ನ ನಿಮ್ಮ ಹಾಗೆ, ಒಂದು ಕೈ ಮೇಲೆಯೇ. ಕನ್ನಡ, ಮರಾಠಿ, ಹಿಂದಿ ಮೂರೂ ತಿಳಿಯುತ್ತಿತ್ತು. ಮನೆಯವರು ಕಲಬುರಗಿ ಕಡೆಯಿಂದ ಬಂದವರು. ತಾಯಿ ಇಲ್ಲ. ತಂದೆ ಪಿಂಪ್ರಿಯ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಕನ್ನಡದ ಮಾವಶಿ ಬಂದಿದ್ದಾಳೆ ಎಂದು ತಿಳಿದ ದಿನ ಆ ಹುಡುಗಿ ಇಡೀ ಮಧ್ಯಾಹ್ನ ನನ್ನ ಬೆನ್ನ ಹಿಂದೆ ಕಣ್ಣು ಓಡಿಸಿದಳು. ಆಶ್ರಮದಲ್ಲಿ ನಮ್ಮಂಥ ಕೆಲಸದ ಹೆಂಗಸರನ್ನೆಲ್ಲ ಮಾವಶಿ ಎಂದೇ ಕರೆಯುತ್ತಾರೆ.

ಆಕೆಗೆ ಜಗಳ ಎಂದರೆ ಜೀವ. ನಾನು ಗೇಟಿನಲ್ಲಿ ತರಕಾರಿಯವನ ಜೊತೆ ಹತ್ತಿಕೊಂಡರೆ ಒಳಗಿನಿಂದ ಆಕೆಯ ನಗು ಕೇಳುತ್ತಿತ್ತು. ಅಷ್ಟಕ್ಕೇ ನಾನು ಒಂದೊಂದು ದಿನ ಸುಮ್ಮನೆ ಜಗಳ ತೆಗೆದದ್ದೂ ಉಂಟು. ಆಕೆ ‘ಹೌದು’ ಎನ್ನಬೇಕಾದರೆ ಕಣ್ಣು ಮೇಲಕ್ಕೆ ಎತ್ತುತ್ತಿದ್ದಳು. ‘ಬೇಡ’, ‘ಸಾಕು’ ಎನ್ನಬೇಕಾದರೆ ಮುಖ ಎಡಕ್ಕೆ ತಿರುಗಿಸುತ್ತಿದ್ದಳು. ಇಡೀ ಮೈಯಲ್ಲಿ ಆಕೆ ಹೇಳಿದ ಹಾಗೆ ಕೇಳುತ್ತಿದ್ದವು ಇವೆರಡೇ. ಹಾಸಿಗೆಯ ತಲೆಗೆ ಒಂದು ಕಾರ್ಡಿನ ಮೇಲೆ ಇದನ್ನು ಮರಾಠಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು. ಅದನ್ನು ನಾನು ಮೊದಲ ದಿನವೇ ಓದಿದೆ. ಓದಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಉಣಿಸುವುದನ್ನು ಕಲಿಸಿದವಳು ಅಲ್ಲಿಯ ಸಿಸ್ಟರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಸಾತಾರಾ ಕಡೆಯ ಹುಡುಗಿ. ನೆಟ್ಟಗೆ ಕೂರಿಸಬೇಕು. ಗದ್ದ ಸ್ವಲ್ಪ ಕೆಳಗಿರಬೇಕು. ಅರ್ಧ ಚಮಚ ಮಾತ್ರ. ಗಂಟಲು ಏರಿ ಇಳಿದದ್ದು ಕಣ್ಣಿಗೆ ಕಾಣಬೇಕು, ಆಮೇಲೆ ಇನ್ನೊಂದು ಸಲ ಬರಿದೇ ನುಂಗಬೇಕು, ಆಮೇಲೆ ಮುಂದಿನ ಚಮಚ. ನಕ್ಕರೆ ನಿಲ್ಲಿಸಬೇಕು, ದಣಿದರೆ ನಿಲ್ಲಿಸಬೇಕು. ಒಂದು ಬಟ್ಟಲು ಉಣ್ಣಲು ಮುಕ್ಕಾಲು ತಾಸು.

“ಮಾವಶಿ, ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ,” ಎಂದು ಮರಾಠಿಯಲ್ಲಿ ಹೇಳಿದಳು. “ಇಲ್ಲಿ ನೀವು ಉಣಿಸುವುದಿಲ್ಲ. ಉಣ್ಣುವವಳು ಅವಳು, ನೀವು ಚಮಚ ಹಿಡಿಯುವವರು.”

ಒಂದು ಜೋಳದ ಭಕ್ಕರಿ ಬಡಿಯಲು ಬಾರದ ಹುಡುಗಿ ನನಗೆ ಉಣಿಸುವುದನ್ನು ಹೇಳಿಕೊಡುತ್ತಾಳಲ್ಲ ಎಂದು ಒಳಗೊಳಗೇ ನಗು ಬಂತು. ಆಕೆ ನಗಲಿಲ್ಲ. ದಣಿದಾಗ ಇವಳ ಗಂಟಲು ಮುಚ್ಚಿಕೊಳ್ಳುವುದನ್ನು ಮರೆಯುತ್ತದೆ, ಅನ್ನ ಉಸಿರಿನ ದಾರಿಗೆ ಇಳಿಯುತ್ತದೆ, ಎಷ್ಟೋ ಸಲ ಕೆಮ್ಮು ಕೂಡ ಬರುವುದಿಲ್ಲ ಎಂದಳು. ಎರಡು ಸಲ ನ್ಯುಮೋನಿಯಾ ಆಗಿ ಬದುಕಿದ್ದಾಳೆ. ಮೂರನೆಯ ಸಲ ಆದರೆ ಬಾಯಿಯ ಊಟ ಬಂದ್, ಹೊಟ್ಟೆಗೆ ತೂತು ಮಾಡಿ ನಳಿಗೆ ಹಾಕುವುದೇ ಎಂದು ಡಾಕ್ಟರರು ಹೇಳಿಬಿಟ್ಟಿದ್ದಾರೆ.

ಆ ಹುಡುಗಿಗೆ ಇದ್ದದ್ದೇ ಒಂದು ಸುಖ, ರುಚಿ. ಓಡಲಾಗದು, ಹಾಡಲಾಗದು, ತನ್ನ ಕೂದಲು ತಾನು ಬಾಚಿಕೊಳ್ಳಲಾಗದು. ಆದರೆ ಪುಂಡಿಪಲ್ಯದ ಹುಳಿ ನಾಲಿಗೆಗೆ ತಾಗಿದರೆ ಆಕೆಯ ಮುಖ ನೋಡಬೇಕಿತ್ತು. ಕಣ್ಣು ಮುಚ್ಚಿ, ಹುಬ್ಬು ಎತ್ತಿ, ಅದನ್ನು ಬಾಯಿಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಹಪ್ಪಳದ ಸದ್ದಿಗೂ ಆಸೆಯಿಂದ ಬಾಯಿ ತೆರೆಯುತ್ತಿದ್ದಳು. ನನ್ನ ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನನ್ನ ಗಂಡ ನನ್ನ ಅಡಿಗೆಯನ್ನು ಒಂದು ದಿನವೂ ಹಾಗೆ ಉಂಡಿಲ್ಲ.

ತಂದೆ ಪ್ರತಿ ರವಿವಾರ ಬರುತ್ತಿದ್ದರು. ಪಿಂಪ್ರಿಯಿಂದ ಪುಣೆಗೆ ಲೋಕಲ್ ರೈಲು, ಅಲ್ಲಿಂದ ಸ್ವಾರಗೇಟಿಗೆ ಬಸ್ಸು, ಸ್ವಾರಗೇಟಿನಿಂದ ಇನ್ನೊಂದು ಬಸ್ಸು. ಕೈಯಲ್ಲಿ ಎರಡು ಗೂಡಿನ ಡಬ್ಬಿ: ಒಂದರಲ್ಲಿ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಇನ್ನೊಂದರಲ್ಲಿ ನುಣ್ಣಗೆ ಅರೆದ ಪಲ್ಯ. ತಾವೇ ಮಾಡಿಕೊಂಡು ತರುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಅಂಗಿಯ ಜೇಬಿಗೆ ಯಾವಾಗಲೂ ಅಳತೆಯ ಟೇಪು. ಮಗಳ ಎದುರು ಸ್ಟೂಲು ಹಾಕಿಕೊಂಡು ಕೂತು ಅರ್ಧ ಅರ್ಧ ಚಮಚ ಕೊಡುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಆಕೆ ಮುಖ ಎಡಕ್ಕೆ ತಿರುಗಿಸಿದ್ದೇ ತಡ, ಡಬ್ಬಿಯಲ್ಲಿ ಅರ್ಧ ಉಳಿದಿದ್ದರೂ ಮುಚ್ಚಳ ಹಾಕಿಬಿಡುತ್ತಿದ್ದರು. ಅಷ್ಟು ದೂರದಿಂದ ತಂದು ಇಷ್ಟೇ ಉಣಿಸಿ ಹೋಗುತ್ತಾರಲ್ಲ, ಗಂಡಸರಿಗೇನು ಗೊತ್ತು ಉಣಿಸುವುದು ಅಂದುಕೊಳ್ಳುತ್ತಿದ್ದೆ. ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟೆ.

“ಅಣ್ಣಾರ, ಇನ್ನೊಂದು ನಾಕು ಚಮಚ ಹೊಡೀತಾಳ್ರಿ. ಒತ್ತಾಯ ಮಾಡಬೇಕು.”

“ಆಕಿ ಒಲ್ಲೆ ಅಂದ್ಲಲ್ರಿ ಅಕ್ಕಾರ,” ಎಂದರು. ಅಷ್ಟೇ.

ನಾನು ಸೇರಿ ಎಂಟು ತಿಂಗಳಾಗಿತ್ತು. ಲಗ್ನದ ಸುಗ್ಗಿ. ಒಂದು ರವಿವಾರ ಅಂಗಡಿಯಲ್ಲಿ ರಜೆ ಸಿಗಲಿಲ್ಲ ಎಂದು ಬೆಳಗ್ಗೆ ಅವರ ಫೋನು ಬಂತು. ಮಗಳ ಕಿವಿಗೆ ಫೋನು ಹಿಡಿದೆ, ಏನೋ ಹೇಳಿದರು, ಆಕೆಯ ಮುಖ ಸಣ್ಣಗಾಯಿತು. ಆಮೇಲೆ ನನಗೆ, “ಇವತ್ತ ನೀವ ಉಣಸ್ರಿ ಅಕ್ಕಾರ. ಹೊಟ್ಟಿ ತುಂಬ ಉಣಸ್ರಿ,” ಎಂದರು. ಅದು ಎಲ್ಲರೂ ಆಡುವ ಮಾತು. ನಾನು ಅದನ್ನು ಅಪ್ಪಣೆ ಎಂದು ತೆಗೆದುಕೊಂಡೆ.

ಮನೆಗೆ ಓಡಿಹೋಗಿ ಗೋಧಿ ಹುಗ್ಗಿ ಮಾಡಿದೆ. ಬೆಲ್ಲ, ತುಪ್ಪ, ಏಲಕ್ಕಿ ಎಲ್ಲ ಬಿಡುಗೈಯಿಂದ. ಮಿಕ್ಸರಿನಲ್ಲಿ ಎರಡು ಸಲ ತಿರುಗಿಸಿ ಗಟ್ಟಿ ಗಂಧದಂತೆ ಮಾಡಿಕೊಂಡು ತಂದೆ. ಸಿಸ್ಟರು ಚಮಚ ಅಡ್ಡ ಮಾಡಿ ನೋಡಿ, ಹದ ಸರಿಯಾಗಿದೆ, ಕೊಡಿ ಎಂದಳು. ಹುಗ್ಗಿಯದು ತಪ್ಪಿಲ್ಲ.

ಮೊದಲ ಚಮಚಕ್ಕೇ ಹುಡುಗಿ ಕಣ್ಣು ಮುಚ್ಚಿದಳು. ಹುಬ್ಬು ಮೇಲೇರಿತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಈಗ ಹೇಳಲು ನಾಚಿಕೆಯಾಗುತ್ತದೆ. ಅಪ್ಪ ಬಾರದಿದ್ದರೇನಾಯಿತು, ಅಪ್ಪನಿಗಿಂತ ಚೆನ್ನಾಗಿ ಉಣಿಸಿ ತೋರಿಸುತ್ತೇನೆ ಎಂಬ ಹಟ ಹೊಕ್ಕಿತು. ಅರ್ಧ ಬಟ್ಟಲು ಮುಗಿಯಿತು. ಮುಕ್ಕಾಲು ಮುಗಿಯಿತು. ಆಗ ಆಕೆ ಮುಖ ಎಡಕ್ಕೆ ತಿರುಗಿಸಿದಳು.

ನಾನು ನೋಡಿದೆ. ನೋಡಲಿಲ್ಲ ಎಂದಲ್ಲ. ಅಪ್ಪ ಬಂದಿಲ್ಲ ಎಂದು ಸಿಟ್ಟು, ಮುನಿಸಿಕೊಂಡಿದ್ದಾಳೆ, ಸ್ವಲ್ಪ ರಮಿಸಿದರೆ ಸರಿಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಬಟ್ಟಲಲ್ಲಿ ಉಳಿದದ್ದು ಮೂರು ಚಮಚ. ಬಟ್ಟಲು ಖಾಲಿ ಮಾಡಿಸುವುದು ನನ್ನ ಕೈಯ ಚಟ.

“ಇದು ಅಪ್ಪನ ತುತ್ತು, ತಂಗಿ. ಅಪ್ಪ ಪಾಪ ದುಡಿಯಾಕ ಹತ್ಯಾನ, ಅವನ ಹೆಸರಿಲೆ ಒಂದು.”

ಎಡಗೈಯಿಂದ ಆಕೆಯ ಗದ್ದ ಹಿಡಿದು ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ಚಮಚ ಇಟ್ಟೆ. ಆಕೆ ನುಂಗಿದಳು. ಮತ್ತೆ ಎಡಕ್ಕೆ ತಿರುಗಿದಳು. “ಇದು ಅವ್ವನ ತುತ್ತು” ಎಂದೆ. ಇಲ್ಲದ ಅವ್ವನ ಹೆಸರು ಹೇಳಿದರೆ ಇಲ್ಲ ಎನ್ನಲಾರಳು ಎಂಬ ಉಪಾಯ ಅದು. ಮತ್ತೆ ಗದ್ದ ಹಿಡಿದೆ. ಮೂರನೆಯದಕ್ಕೆ ಆಕೆ ತಲೆಯನ್ನು ದಿಂಬಿನೊಳಗೆ ಒತ್ತಿಕೊಂಡಳು. ಆ ಬಿಗಿದ ಕುತ್ತಿಗೆಯಲ್ಲಿ ಎಷ್ಟು ಬಲವಿತ್ತೋ ಅಷ್ಟನ್ನೂ ಹಾಕಿ ಒತ್ತಿಕೊಂಡಳು. “ಇದು ನಂದು, ನನ್ನ ಸಲುವಾಗಿ ಒಂದು” ಎಂದು ನಾನು ಅದನ್ನೂ ಹಾಕಿದೆ.

ಆಕೆ ಕೆಮ್ಮಲಿಲ್ಲ. ಕಣ್ಣಲ್ಲಿ ನೀರು ಬಂತು. ಉಸಿರಿನಲ್ಲಿ ಒಂದು ಸಣ್ಣ ಗೊರಗೊರ ಕೇಳಿತು, ಎರಡು ನಿಮಿಷಕ್ಕೆ ನಿಂತಿತು. ಹುಗ್ಗಿಗೆ ಮನಸ್ಸು ತುಂಬಿ ಬಂದಿದೆ ಎಂದುಕೊಂಡು ಸೆರಗಿನಿಂದ ಕಣ್ಣೊರೆಸಿದೆ. ದಿನದ ಊಟ ಬರೆದಿಡುವ ವಹಿಯಲ್ಲಿ ‘ಪೂರ್ತಿ ಊಟ’ ಎಂದು ಬರೆದೆ. ಕೆಮ್ಮು ಎಂಬ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದೆ. ಆ ದಿನ ಪೂರ್ತಿ ಊಟ ಬರೆದವಳು ಇಡೀ ಆಶ್ರಮದಲ್ಲಿ ನಾನೊಬ್ಬಳೇ.

ಮಂಗಳವಾರ ಬೆಳಗ್ಗೆ ಜ್ವರ. ಮಧ್ಯಾಹ್ನದ ಹೊತ್ತಿಗೆ ತುಟಿ ನೀಲಿ. ಆಸ್ಪತ್ರೆಗೆ ಒಯ್ದರು. ಬಲಗಡೆಯ ಪುಪ್ಪುಸಕ್ಕೆ ಊಟ ಇಳಿದಿದೆ ಎಂದರು. ಯಾವಾಗ ಏನಾಯಿತು, ಊಟದಲ್ಲಿ ತೊಂದರೆ ಆಗಿತ್ತೇ ಎಂದು ಡಾಕ್ಟರರು ಕೇಳಿದಾಗ ಸಿಸ್ಟರು ವಹಿ ತೆರೆದು ತೋರಿಸಿದಳು. ನನ್ನ ಅಕ್ಷರ ಅಲ್ಲಿ ದುಂಡಗೆ ಕೂತಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ತರಕಾರಿಯವನ ಜೊತೆ ತಾಸುಗಟ್ಟಲೆ ಜಗಳವಾಡುವ ಬಾಯಿ ಅದು.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಆಸ್ಪತ್ರೆಯ ಹೊರಗೆ ಚಹಾದ ಗಾಡಿಯ ಹತ್ತಿರ ಸಿಸ್ಟರಿಗೆ ಎಲ್ಲ ಹೇಳಿದೆ. ಮೂರು ಚಮಚ, ಮೂರು ಹೆಸರು, ಗದ್ದ ಹಿಡಿದದ್ದು. ಬೈದರೆ ಒಂದಿಷ್ಟು ಹಗುರಾಗುತ್ತಿದ್ದೆ. ಆಕೆ ಬೈಯಲಿಲ್ಲ.

“ಅವಳು ಬೇಡ ಎಂದು ಹೇಳಿದ್ದಳೇ?” ಎಂದು ಕೇಳಿದಳು.

“ಹೇಳಿದ್ದಳು. ಮೂರು ಸಲ.”

“ಹಾಗಾದರೆ ಅವಳ ಅಪ್ಪನಿಗೆ ನೀವೇ ಹೇಳಬೇಕು,” ಎಂದಳು.

ಹುಡುಗಿ ಬದುಕಿದಳು. ಹದಿನೆಂಟು ದಿನದ ಮೇಲೆ ವಾಪಸು ಕರೆತಂದರು. ಹೊಟ್ಟೆಯ ಮೇಲೆ ಎಡಗಡೆ ನಳಿಗೆ, ಅದಕ್ಕೊಂದು ಬಿರಡೆ. ಬಾಯಿಗೆ ನೀರಿನ ಹನಿಯೂ ಇಲ್ಲ, ಇನ್ನೆಂದೂ ಇಲ್ಲ.

ಆಸ್ಪತ್ರೆಯಲ್ಲಿ ನಾನು ತಂದೆಯ ಕಣ್ಣು ತಪ್ಪಿಸಿಕೊಂಡೇ ಓಡಾಡಿದ್ದೆ. ಮುಂದಿನ ರವಿವಾರ ಅವರು ಆಶ್ರಮಕ್ಕೆ ಬಂದರು. ಅಭ್ಯಾಸಬಲದಿಂದ ಡಬ್ಬಿ ಕಟ್ಟಿಕೊಂಡೇ ಬಂದಿದ್ದರು, ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತಂತೆ. ಅದನ್ನು ಸ್ಟೂಲಿನ ಕೆಳಗೆ ಕಾಲಿನಿಂದ ಸರಿಸಿ ಇಟ್ಟರು. ನಾನು ಅವರನ್ನು ವರಾಂಡಕ್ಕೆ ಕರೆದೆ. ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾಗುತ್ತಿರಲಿಲ್ಲ.

“ಅಣ್ಣಾರ, ಇದು ರೋಗದ್ದಲ್ರಿ. ನಾ ಮಾಡಿದ್ದು. ಆಕಿ ಒಲ್ಲೆ ಅಂದ್ಲು, ನಾ ಗದ್ದ ಹಿಡದು ಹಾಕಿದ್ನಿ.”

ಅವರು ಗೇಟಿನ ಕಡೆ ತಿರುಗಿದರು. ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

“ಹೊಟ್ಟಿ ತುಂಬ ಉಣಸ್ರಿ ಅಂತ ನಾನ ಅಂದಿದ್ದೆ ಅಲ್ರಿ,” ಎಂದರು.

ನನಗೆ ಸಿಟ್ಟು ಬಂತು. ಕೆನ್ನೆಗೆ ಹೊಡೆಯಬೇಕಾದ ಮನುಷ್ಯ ನನ್ನ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಾನೆ. “ನಿಮ್ಮದಲ್ರಿ ಅದು, ನಂದು. ನೀವು ಆಕಿ ಮಾತು ಕೇಳತಿದ್ರಿ. ನಾ ಕೇಳಲಿಲ್ಲ,” ಎಂದೆ. ದನಿ ಏರಿತ್ತು.

ಅವರು ತಲೆ ಅಲ್ಲಾಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಆಮೇಲೆ ತೀರ ಮೆಲ್ಲಗೆ, ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವ ಹಾಗೆ, “ಇನ್ನ ರವಿವಾರ ಬಂದು ನಾ ಏನ್ ಮಾಡ್ಲಿರಿ ಅಕ್ಕಾರ?” ಎಂದು ಕೇಳಿದರು.

ತಂದೆ ಮಗಳು ಇಪ್ಪತ್ನಾಲ್ಕು ವರ್ಷ ಆಡಿದ ಮಾತೆಲ್ಲ ಆ ಚಮಚದ ಮೇಲೆ ನಡೆದಿತ್ತು. ನಾನು ಅದರ ನಡುವೆ ಕೈ ಹಾಕಿದೆ. ಈಗಲೂ ಅವರು ಬರುತ್ತಾರೆ. ಮೊದಲು ವಾರಕ್ಕೊಮ್ಮೆ, ಈಗ ತಿಂಗಳಿಗೆ ಎರಡು ಸಲ. ಸ್ಟೂಲಿನ ಮೇಲೆ ಕೂತು ಮಗಳ ಉಗುರು ತೆಗೆಯುತ್ತಾರೆ. ಹತ್ತು ಬೆರಳು ಎಷ್ಟು ಹೊತ್ತು ಬರುತ್ತವೆ? ಆಮೇಲೆ ಜೇಬಿನ ಟೇಪನ್ನು ತೆಗೆದು ಸುತ್ತುತ್ತಾರೆ, ಬಿಚ್ಚುತ್ತಾರೆ.

ನನ್ನನ್ನು ತೆಗೆದುಹಾಕಿ ಎಂದು ನಾನೇ ಕೇಳಿದೆ. ಆಶ್ರಮದವರು ಎರಡು ತಿಂಗಳು ಬಟ್ಟೆ ಒಗೆಯುವ ಕಡೆ ಹಾಕಿದರು. ಆಮೇಲೆ, ಮಗಳ ಜೊತೆ ಕನ್ನಡ ಮಾತಾಡುವವರು ಬೇರೆ ಯಾರೂ ಇಲ್ಲ, ಅಕ್ಕಾರ ಇರಲಿ ಎಂದು ತಂದೆಯೇ ಹೇಳಿದರಂತೆ. ಸಿಸ್ಟರು ಮತ್ತೆ ಮೊದಲಿನಿಂದ ಕಲಿಸಿದಳು, ಈ ಸಲ ನಾನು ನಗಲಿಲ್ಲ.

ಹುಟ್ಟುಹಬ್ಬದ ಕೇಕು ಹಂಚಲು ಕಾರಿನಲ್ಲಿ ಬರುವವರು ನನಗೆ ಹೇಳುತ್ತಾರೆ, ಎಷ್ಟು ಪುಣ್ಯದ ಕೆಲಸ ನಿಮ್ಮದು ಎಂದು. ಹೂಂ ಎಂದು ಒಳಗೆ ಹೋಗಿಬಿಡುತ್ತೇನೆ. ಕೊಡುವುದೇ ದೊಡ್ಡದು ಎಂದು ತಿಳಿದು ನಾನು ಅಲ್ಲಿಗೆ ಹೋದೆ. ಕೊಡುವ ಕೈ ಎಷ್ಟು ಸೊಕ್ಕಿನದು ಎಂಬುದನ್ನು ಯಾರೂ ಹೇಳಿರಲಿಲ್ಲ. ನಮ್ಮ ಬೀಗರ ‘ಸಾಕು’ ಮೀರಿದರೆ ಅವರಿಗೆ ಒಂದು ಹೋಳಿಗೆ ಹೆಚ್ಚಾಗುತ್ತದೆ, ಅವರು ಎದ್ದು ಕೈ ತೊಳೆದುಕೊಳ್ಳುತ್ತಾರೆ. ಎದ್ದು ಹೋಗಲಾರದವಳ ‘ಸಾಕು’ ಬೇರೆ. ಅತ್ತೆಯೂ ಕೊನೆಯ ವರ್ಷ ತುಟಿ ಬಿಗಿಹಿಡಿಯುತ್ತಿದ್ದಳು. ಮುದುಕಿಯ ಹಟ ಎಂದು ಬೆರಳಿನಿಂದ ತುಟಿ ಬಿಡಿಸಿ ಗಂಜಿ ಹಾಕಿದ್ದೆ. ಸೊಸೆ ಎಂದರೆ ಹೀಗಿರಬೇಕು ಎಂದು ಓಣಿಯವರು ಹೊಗಳಿದ್ದರು.

ಈಗ ಆ ಹುಡುಗಿಗೆ ದಿನಕ್ಕೆ ಐದು ಸಲ ನಳಿಗೆಯ ಊಟ, ಒಂದೊಂದು ಸಲಕ್ಕೆ ಇನ್ನೂರು ಮಿಲಿ. ಸೂಜಿಯಿಲ್ಲದ ದೊಡ್ಡ ಸಿರಿಂಜು ನಳಿಗೆಗೆ ಸಿಕ್ಕಿಸಿ ಎತ್ತಿ ಹಿಡಿದರೆ ಬಿಳಿ ದ್ರವ ತಾನೇ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಾನು ಬಟ್ಟೆಯ ಕೆಲಸದಿಂದ ಮರಳಿದ ಮೊದಲ ವಾರಗಳಲ್ಲೂ ಅಡಿಗೆಮನೆಯಲ್ಲಿ ತಾಟಿನ ಸದ್ದಾದರೆ ಆಕೆ ಮೊದಲಿನ ಹಾಗೆಯೇ ಬಾಯಿ ತೆರೆಯುತ್ತಿದ್ದಳು. ನಾನು ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಿದ್ದೆ. ಆಕೆ ತೆರೆದ ಬಾಯಿ ಮುಚ್ಚಿಕೊಳ್ಳಲು ಎಷ್ಟು ಹೊತ್ತು ಕಾಯುತ್ತಿದ್ದಳು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ.

ನಾನು ಮತ್ತೆ ಆಕೆಯ ಹತ್ತಿರ ಬಂದ ಮೊದಲ ದಿನ ಅರ್ಧ ಸಿರಿಂಜು ಇಳಿದಿತ್ತು. ಆಕೆ ಮುಖ ಎಡಕ್ಕೆ ತಿರುಗಿಸಿದಳು. ನನ್ನ ಕೈ ತಟ್ಟನೆ ನಿಂತಿತು. ನಳಿಗೆ ಮಡಚಿ ಹಿಡಿದೆ. ಈ ಸಲ ಕೇಳಿದೆನಲ್ಲ ಎಂದುಕೊಂಡೆ. ಸಿಸ್ಟರನ್ನು ಕರೆದು, ಸಾಕು ಎನ್ನುತ್ತಿದ್ದಾಳೆ, ನಿಲ್ಲಿಸುತ್ತೇನೆ ಎಂದೆ. ಸಿಸ್ಟರಿನ ಮುಖ ನೋಡಲಾಗಲಿಲ್ಲ. “ಸ್ವಲ್ಪ ಹೊತ್ತು ನಿಲ್ಲಿಸಬಹುದು ಮಾವಶಿ. ಆದರೆ ಅಳತೆ ಪೂರ್ತಿ ಹೋಗಬೇಕು. ಆಸ್ಪತ್ರೆಯಲ್ಲಿ ಏಳು ಕಿಲೋ ಇಳಿದಿದ್ದಾಳೆ,” ಎಂದಳು. ಕಾಲು ತಾಸು ಕಾದೆ. ಆಕೆಯ ಮುಖ ಎಡಕ್ಕೇ ಇತ್ತು. ಉಳಿದದ್ದನ್ನು ಹಾಕಿದೆ. ಅದಕ್ಕೆ ಬಾಯಿ ತೆರೆಯಬೇಕಾಗಿಲ್ಲ, ಗದ್ದ ಹಿಡಿಯಬೇಕಾಗಿಲ್ಲ, ಮುಖ ಎತ್ತ ಇದ್ದರೂ ಇಳಿಯುತ್ತದೆ.

ಒಂದೆರಡು ತಿಂಗಳು ಹೀಗೆ ನಡೆಯಿತು. ಆಕೆ ತಿರುಗಿಸುವುದು, ನಾನು ನಿಲ್ಲುವುದು, ಕಾಯುವುದು, ಮತ್ತೆ ಹಾಕುವುದು. ಆಮೇಲೆ ಒಂದು ದಿನ ಆಕೆ ತಿರುಗಿಸಲಿಲ್ಲ. ಮರುದಿನವೂ ಇಲ್ಲ. ತೂಕ ಏರುತ್ತಿದೆ, ಒಗ್ಗಿಕೊಂಡಳು, ಒಳ್ಳೆಯದಾಯಿತು ಎಂದು ಎಲ್ಲರೂ ಅಂದರು.

ನನಗೆ ಗೊತ್ತು ಅದು ಒಗ್ಗಿದ್ದಲ್ಲ. ಕೇಳುವವರಿಲ್ಲದ ಮನೆಯಲ್ಲಿ ಯಾರು ಎಷ್ಟು ದಿನ ಮಾತಾಡುತ್ತಾರೆ? ಅರ್ಧ ಇಳಿಯುತ್ತಲೇ ಈಗಲೂ ನಳಿಗೆ ಮಡಚಿ ನಿಲ್ಲುತ್ತೇನೆ. ಬಗ್ಗಿ ಆಕೆಯ ಕಿವಿಯ ಹತ್ತಿರ, “ತಂಗಿ, ಒಮ್ಮೆ ಒಲ್ಲೆ ಅನ್ನವಾ. ಒಮ್ಮೆ ಮಾರಿ ತಿರುವು. ನಾ ನಿಂತಿರತೀನಿ, ಎಷ್ಟೊತ್ತಾದ್ರೂ ನಿಂತಿರತೀನಿ,” ಎಂದು ಬೇಡಿಕೊಳ್ಳುತ್ತೇನೆ.

ಆಕೆ ನನ್ನನ್ನೇ ನೇರವಾಗಿ ನೋಡುತ್ತಾಳೆ. ಮುಖ ತಿರುಗಿಸುವುದಿಲ್ಲ. ಕಾಲು ತಾಸಿನ ಮೇಲೆ ನಾನು ಉಳಿದ ನೂರು ಮಿಲಿ ಹಾಕುತ್ತೇನೆ.